ಕರೆಂಟು ಬಂದಾಗ ಗೆದ್ದವರು ಯಾರು?

ಹದಿನೆಂಟು ವರ್ಷ ತುಂಬುವವರೆಗೆ ನಮ್ಮ ಓಣಿಯಲ್ಲಿ ಒಂದೇ ಒಂದು ಚದುರಂಗದ ಆಟ ಪೂರ್ತಿ ಮುಗಿದದ್ದನ್ನು ನಾನು ನೋಡಿರಲಿಲ್ಲ. ಆಟ ಶುರುವಾಗುತ್ತಿತ್ತು, ಬಿಸಿಯೇರುತ್ತಿತ್ತು, ಅಷ್ಟರಲ್ಲಿ ಕರೆಂಟು ಬರುತ್ತಿತ್ತು, ಎಲ್ಲರೂ ಎದ್ದು ಮಗ್ಗಕ್ಕೆ ಓಡುತ್ತಿದ್ದರು. ಬನಹಟ್ಟಿಯ ಆ ಓಣಿಯಲ್ಲಿ ಮನೆಗೆ ಎರಡೋ ನಾಲ್ಕೋ ಪವರ್‌ಲೂಮ್. ಕರೆಂಟು ಇದ್ದಾಗ ಎದುರಿಗೆ ನಿಂತವರ ತುಟಿ ನೋಡಿ ಮಾತು ತಿಳಿಯಬೇಕು, ಅಷ್ಟು ಸದ್ದು. ಕರೆಂಟು ಹೋದರೆ ಗಂಡಸರೆಲ್ಲ ಬನಿಯನ್ ಮೇಲೆಯೇ ಹೊರಗೆ ಬಂದು ದೊಡ್ಡಪ್ಪನ ಮನೆಯ ಕಟ್ಟೆ ಹತ್ತುತ್ತಿದ್ದರು. ಅಲ್ಲಿ ಹಲಗೆ ತಯಾರಾಗಿರುತ್ತಿತ್ತು.

ಆಟ ಮುಗಿಯದಿದ್ದರೆ ಗೆದ್ದವರು ಯಾರು ಅಂತ ಹೇಗೆ ಹೇಳುವುದು? ಅದಕ್ಕೆ ನಮ್ಮವರು ಒಂದು ಕಾನೂನು ಮಾಡಿಕೊಂಡಿದ್ದರು. ಕರೆಂಟು ಬಂದ ಗಳಿಗೆಗೆ ಇಬ್ಬರೂ ಹಲಗೆಯಿಂದ ಕೈ ತೆಗೆಯಬೇಕು. ಯಾರು ಎಷ್ಟು ಕಾಯಿ ಹೊಡೆದಿದ್ದಾರೆ ಅಂತ ಎಣಿಸಬೇಕು. ವಜೀರನಿಗೆ ಹತ್ತು, ಆನೆಗೆ ಐದು, ಒಂಟೆಗೂ ಕುದುರೆಗೂ ಮೂರು ಮೂರು, ಪ್ಯಾದೆಗೆ ಒಂದು. ಜಾಸ್ತಿ ಬಂದವನು ಗೆದ್ದ, ಕಡಿಮೆ ಬಂದವನು ಸೋತ. ಎಣಿಸುವವನು ಯಾವಾಗಲೂ ದೊಡ್ಡಪ್ಪನೇ. ಅವನು ನಮ್ಮ ಅಪ್ಪನ ಅಣ್ಣ, ಓಣಿಗೆಲ್ಲ ಹಿರಿಯ, ಅವನ ಮಾತಿಗೆ ಎದುರು ಮಾತಿಲ್ಲ.

ಈ ಕಾನೂನು ನಮ್ಮ ಓಣಿಯ ತಲೆಯನ್ನೇ ಕೆಡಿಸಿತ್ತು ಅಂತ ನಾನು ಈಗಲೂ ಹೇಳುತ್ತೇನೆ. ಕರೆಂಟು ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ಹತ್ತು ನಿಮಿಷಕ್ಕೆ ಬರಬಹುದು, ಎರಡು ತಾಸಿಗೆ ಬರಬಹುದು. ಹಾಗಾಗಿ ಎಲ್ಲರೂ ಕೂತ ಕೂಡಲೇ ಕಾಯಿಗೆ ಬಾಯಿ ಹಾಕುತ್ತಿದ್ದರು. ರಾಜ ಬಯಲಲ್ಲಿ ನಿಂತಿದ್ದರೂ ಪರವಾಗಿಲ್ಲ, ಮೊದಲು ಎದುರಿನವನ ಪ್ಯಾದೆ ಕೈಗೆ ಬರಲಿ. ಹೊಡೆದ ಕಾಯಿಗಳನ್ನು ತೊಡೆಯ ಹತ್ತಿರ ಸಾಲಾಗಿ ನಿಲ್ಲಿಸಿಕೊಂಡು ಆಗಾಗ ಕೈಯಾಡಿಸುತ್ತಿದ್ದರು. ಹಲಗೆಯ ಮೇಲೆ ಉಳಿದ ಕಾಯಿಗಳ ಕಡೆ ಯಾರ ಗಮನವೂ ಇರುತ್ತಿರಲಿಲ್ಲ.

ನಾನು ಆಟ ಕಲಿತದ್ದು ಅಪ್ಪನಿಂದ, ಮನೆಯೊಳಗೆ, ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ. ಕಟ್ಟೆಯ ಮೇಲೆ ಹೆಣ್ಣುಮಕ್ಕಳು ಕೂರುತ್ತಿರಲಿಲ್ಲ. ಕೂರಬಾರದು ಅಂತ ಯಾರೂ ಹೇಳಿರಲಿಲ್ಲ. ಹೇಳುವ ಪ್ರಸಂಗವನ್ನೇ ಯಾರೂ ತಂದಿರಲಿಲ್ಲ. ಒಂದು ದಿನ ಆ ಪ್ರಸಂಗವನ್ನು ನಾನೇ ತಂದೆ. ಚಿಮ್ಮಡದಿಂದ ಬರುತ್ತಿದ್ದ ಒಬ್ಬ ನೇಕಾರನಿಗೆ ಎದುರಾಳಿ ಸಿಕ್ಕಿರಲಿಲ್ಲ, ನಾನು ಹೋಗಿ ಎದುರಿಗೆ ಕೂತೆ. ಒಳಗಿನಿಂದ ಅವ್ವ, "ಎದ್ದ್ ಬಾ ಬೇ ಒಳಗ" ಅಂದಳು. ನನಗೆ ಕೇಳಿಸಲಿಲ್ಲ. ಕರೆಂಟು ಇಲ್ಲದ ಓಣಿಯಲ್ಲಿ ಸೂಜಿ ಬಿದ್ದರೂ ಕೇಳುತ್ತದೆ, ಆದರೂ ನನಗೆ ಕೇಳಿಸಲಿಲ್ಲ ಅಂತಲೇ ಇಟ್ಟುಕೊಳ್ಳಿ.

ಜಮಖಂಡಿಯಲ್ಲಿ ವರ್ಷಕ್ಕೊಮ್ಮೆ ಚದುರಂಗದ ಪಂದ್ಯ ನಡೆಯುತ್ತಿತ್ತು. ನಮ್ಮ ಓಣಿಯಿಂದ ನಾಲ್ಕು ಮಂದಿ ಹೋಗುತ್ತಿದ್ದರು, ನಾಲ್ಕೂ ಮಂದಿ ಮಧ್ಯಾಹ್ನದ ಊಟಕ್ಕೆ ಮೊದಲೇ ಸೋತು ಬರುತ್ತಿದ್ದರು. ಅಲ್ಲಿ ಎಣಿಕೆ ಇರಲಿಲ್ಲ, ರಾಜ ಎಲ್ಲೂ ಸರಿಯಲಾರದೆ ಕಟ್ಟಿಹೋಗುವವರೆಗೆ ಆಡಬೇಕಿತ್ತು. "ಅಲ್ಲಿ ಕರೆಂಟ ಹೋಗಂಗಿಲ್ಲೋ ಮಾರಾಯಾ, ಹೆಂಗ ಆಡೂದು?" ಅಂತ ದೊಡ್ಡಪ್ಪ ತನ್ನ ಸೋಲಿಗೆ ಕಾರಣ ಹೇಳುತ್ತಿದ್ದ. ಆ ವರ್ಷ ನಾಲ್ವರಲ್ಲಿ ಒಬ್ಬ ಇಚಲಕರಂಜಿಗೆ ಮಗ್ಗ ಓಡಿಸಲು ಹೋಗಿಬಿಟ್ಟ. ಒಂದು ಜಾಗ ಖಾಲಿಯಾಯಿತು. ಆ ಜಾಗ ನನಗೆ ಬೇಕಾಗಿತ್ತು. ಆ ವಯಸ್ಸಿನಲ್ಲಿ ನಾನು ಇನ್ನೇನನ್ನೂ ಅಷ್ಟು ಹಟದಿಂದ ಬಯಸಿದ್ದಿಲ್ಲ.

ಕೇಳಿದೆ. ದೊಡ್ಡಪ್ಪ ನಕ್ಕ. ನಕ್ಕು, "ದೀಪಾವಳಿ ಮುಂದ ನನ್ನ ಕೂಡ ಒಂದ ಆಟ ಆಡು. ಗೆದ್ರ ಹೋಗುವಂತಿ" ಅಂದ. ನನಗೆ ಎರಡು ತಿಂಗಳು ಇತ್ತು.

ಆಗ ನಮ್ಮ ಹಿಂದಿನ ಓಣಿಯಲ್ಲಿ ಒಬ್ಬ ನಿವೃತ್ತ ಡ್ರಾಯಿಂಗ್ ಮಾಸ್ತರು ಬಾಡಿಗೆಗೆ ಬಂದಿದ್ದರು. ಬೀಳಗಿ ತಾಲೂಕಿನವರು, ಅವರ ಊರು ಆಲಮಟ್ಟಿಯ ಹಿನ್ನೀರಿಗೆ ಹೋಗಿತ್ತು. ನೇಕಾರರಿಗೆ ಸೀರೆಯ ಅಂಚಿನ, ಅಂದರೆ ದಡಿಯ, ಡಿಸೈನನ್ನು ಗ್ರಾಫ್ ಹಾಳೆಯ ಮೇಲೆ ಬರೆದುಕೊಡುತ್ತಿದ್ದರು. ಒಂದು ದಿನ ನಮ್ಮ ದಡಿಯ ಹಾಳೆ ತರಲು ಹೋದಾಗ ಅವರ ಮೇಜಿನ ಮೇಲೆ ಚದುರಂಗದ ಹಲಗೆ, ಅದರ ಪಕ್ಕ ಒಂದು ಪೋಸ್ಟ್ ಕಾರ್ಡು ಇತ್ತು. ಮುಧೋಳದಲ್ಲಿದ್ದ ಒಬ್ಬ ಹಳೆಯ ಗೆಳೆಯರ ಜೊತೆ ಅವರು ಕಾರ್ಡಿನ ಮೇಲೆ ಆಡುತ್ತಿದ್ದರು. ಒಂದು ಕಾರ್ಡಿಗೆ ಒಂದು ನಡೆ. ಆ ಆಟ ಶುರುವಾಗಿ ಒಂದು ವರ್ಷದ ಮೇಲಾಗಿತ್ತು. ಅಲ್ಲೇ ನಿಂತು ನಾನು ಹಲಗೆಯ ಆಚೆಗಿದ್ದ ಹೊಡೆದ ಕಾಯಿಗಳನ್ನು ಎಣಿಸಿ, "ನೀವು ಒಂದ್ ಕುದುರಿ ಹಿಂದ ಅದೀರಿ ಮಾಸ್ತರ್ರ, ಸೋತ್ರಿ" ಅಂದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ತಲೆಯ ಟೊಪ್ಪಿಗೆ ತೆಗೆದು ಹೊಡೆದ ಕಾಯಿಗಳ ಮೇಲೆ ಮುಚ್ಚಿದರು. "ಇವು ಸತ್ತಾವು. ಇವನ್ನ ಬಿಡು. ಜೀವಂತ ಇದ್ದದ್ದನ್ನ ನೋಡಿ ಹೇಳು, ನೀ ಯಾವ ಕಡಿ ಕುಂಡ್ರತಿ?"

ಆ ಪ್ರಶ್ನೆಯನ್ನು ತಲೆಯಲ್ಲಿ ಹೊತ್ತು ಮನೆಗೆ ಬಂದೆ. ಮಾರನೆಯ ದಿನ ಕರೆಂಟು ಹೋದ ಕೂಡಲೇ ಮತ್ತೆ ಅವರ ಮನೆಗೆ ಹೋದೆ. ಅದರ ಮಾರನೆಯ ದಿನವೂ ಹೋದೆ. ಆ ಮನುಷ್ಯ ನನಗೆ ಮೂರು ವಾರ ಒಂದು ಕಾಯಿಯನ್ನೂ ಮುಟ್ಟಲು ಬಿಡಲಿಲ್ಲ. ಹಲಗೆಯ ಮೇಲೆ ಅರ್ಧ ಆಟ ಜೋಡಿಸಿಟ್ಟು ಅದೇ ಪ್ರಶ್ನೆ ಕೇಳುವುದು. ನಾನು "ಬಿಳೀದು" ಅನ್ನಬೇಕು, ಅವರು "ಯಾಕ?" ಅನ್ನಬೇಕು. "ಒಂದ್ ಪ್ಯಾದಿ ಜಾಸ್ತಿ ಐತಿ" ಅಂದರೆ ಕೈ ಬೀಸಿ, "ಅದ ಸಂತ್ಯಾಗಿನ ಎಣಿಕಿ" ಅನ್ನುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಆಡಲು ಬಂದವಳನ್ನು ಕೂಡಿಸಿ ಪರೀಕ್ಷೆ ಮಾಡುವುದು ಅಂದರೇನು? ಒಂದು ದಿನ ಸಿಟ್ಟು ತಡೆಯಲಾರದೆ ಹಲಗೆಯನ್ನೇ ನೂಕಿಬಿಟ್ಟೆ, ಕಾಯಿಗಳೆಲ್ಲ ನೆಲದ ಮೇಲೆ ಚೆಲ್ಲಾಪಿಲ್ಲಿ.

ಅವರು ಬೈಯಲಿಲ್ಲ. "ಹೆಂಗ ಇತ್ತೋ ಹಂಗ ಇಡು" ಅಂದರು.

ನಾಚಿಕೆಯಿಂದಲೇ ಆರಿಸಿಕೊಂಡೆ. ಯಾವ ಯಾವ ಕಾಯಿ ಹೊಡೆಸಿಕೊಂಡಿದ್ದವು ಅನ್ನುವುದು ಒಂದೂ ತಪ್ಪದೆ ನೆನಪಿತ್ತು. ಎರಡು ಒಂಟೆ, ಒಂದು ಆನೆ, ಮೂರು ಪ್ಯಾದೆ, ಎಲ್ಲವನ್ನೂ ಬದಿಗೆ ತೆಗೆದಿಟ್ಟೆ. ಆದರೆ ಉಳಿದವು ಎಲ್ಲೆಲ್ಲಿ ನಿಂತಿದ್ದವು? ರಾಜನ ಮುಂದೆ ಪ್ಯಾದೆ ಇತ್ತೋ ಇಲ್ಲವೋ? ಕುದುರೆ ಯಾವ ಮನೆಯಲ್ಲಿತ್ತು? ಅರ್ಧ ತಾಸು ನೋಡಿದ್ದ ಹಲಗೆ, ನನಗೆ ಒಂದು ಕಾಯಿಯ ಜಾಗವೂ ನೆನಪಿಗೆ ಬರಲಿಲ್ಲ. ಸತ್ತದ್ದಷ್ಟೇ ನನ್ನ ತಲೆಯಲ್ಲಿ ಉಳಿದಿತ್ತು. ನಾನು ದೊಡ್ಡಪ್ಪನ ಕಟ್ಟೆಯ ಪಕ್ಕಾ ಶಿಷ್ಯೆ ಅನ್ನುವುದು ಆಗ ತಿಳಿಯಿತು, ತಿಳಿದು ಕೆಟ್ಟ ಸಿಟ್ಟು ಬಂತು.

ಆಮೇಲೆ ಅವರು ಹೇಳಿದ್ದನ್ನೆಲ್ಲ ಬಾಯಿ ಮುಚ್ಚಿಕೊಂಡು ಕೇಳಿದೆ. ಪ್ಯಾದೆ ಮುಂದೆ ಹೋದರೆ ಹಿಂದೆ ಬರುವುದಿಲ್ಲ, ನೇಯ್ದು ಮುಂದೆ ಹೋದ ಬಟ್ಟೆಗೆ ತಪ್ಪಿದ ಎಳೆಯನ್ನು ಆಮೇಲೆ ಸೇರಿಸಲು ಬರುವುದಿಲ್ಲವಲ್ಲ, ಹಾಗೆ. ಅದಕ್ಕೇ ಅದು ಬಿಟ್ಟುಹೋದ ಮನೆ ಯಾವುದು ಅಂತ ನೋಡಬೇಕು. ಎದುರಿನವನ ಯಾವ ಪ್ಯಾದೆಯೂ ಕಾಯಲಾರದ ಮನೆಯೊಂದು ಅವನ ಅಂಗಳದಲ್ಲೇ ಸಿಕ್ಕರೆ ಅಲ್ಲಿ ನಮ್ಮ ಕುದುರೆಯನ್ನು ಕೂಡಿಸಬೇಕು. ತನ್ನದೇ ಪ್ಯಾದೆಗಳ ಹಿಂದೆ ಸಿಕ್ಕಿಬಿದ್ದ ಒಂಟೆಗೆ ಮೂರು ಅಂಕ ಕೊಡುವುದು ಮೂರ್ಖತನ. ಮೂಲೆಯಿಂದ ಹೊರಗೇ ಬರದ ಆನೆ ಇದ್ದರೂ ಇಲ್ಲದ ಹಾಗೆಯೇ. "ಯಾವ ಕಾಯಿಗೆ ಕೆಲಸ ಐತಿ, ಯಾವ ಕಾಯಿ ಸುಮ್ನ ಕುಂತೈತಿ, ಅದನ್ನ ಕೇಳು" ಅನ್ನುತ್ತಿದ್ದರು.

ಒಮ್ಮೆ ಕೇಳಿದೆ, ಎಣಿಕೆ ಕಂಡರೆ ನಿಮಗೆ ಯಾಕಿಷ್ಟು ಸಿಟ್ಟು ಅಂತ. ದಡಿಯ ಹೂವಿಗೆ ಪೆನ್ಸಿಲ್ಲಿನಿಂದ ಮನೆ ತುಂಬುತ್ತಿದ್ದವರು ತಲೆ ಎತ್ತಲಿಲ್ಲ. "ಊರ ಮುಳಗೂ ಮೊದ್ಲ ಪರಿಹಾರದವ್ರು ನಮ್ಮ ಮನಿಗೂ ಬಂದಿದ್ರವಾ ಎಣಸಾಕ. ತೊಲಿ ಎಣಿಸಿದ್ರು, ಬಾಗಲಾ ಎಣಿಸಿದ್ರು, ಹಿತ್ತಲದಾಗಿನ ಬೇವಿನ ಗಿಡ ಎಣಿಸಿದ್ರು. ಪಡಸಾಲ್ಯಾಗ ಕುಂತ್ರ ಹೊಳಿ ಕಡಿಂದ ಗಾಳಿ ಬರ್ತಿತ್ತು, ಅದನ್ನ ಯಾರೂ ಬರಕೊಳ್ಳಲಿಲ್ಲ." ಅಷ್ಟು ಹೇಳಿ ರಬ್ಬರು ಹುಡುಕತೊಡಗಿದರು. ನಾನು ಹುಡುಕಿ ಕೊಟ್ಟೆ.

ದೀಪಾವಳಿಗೆ ಮುಂಚಿನ ಆ ಮಧ್ಯಾಹ್ನ ಕರೆಂಟು ಹೋಯಿತು, ನಾನು ದೊಡ್ಡಪ್ಪನ ಎದುರಿಗೆ ಕೂತೆ. ಓಣಿಯ ಗಂಡಸರೆಲ್ಲ ಸುತ್ತ ನಿಂತರು. ದೊಡ್ಡಪ್ಪ ಎಂದಿನಂತೆ ಕೈಗೆ ಸಿಕ್ಕಿದ್ದನ್ನು ಹೊಡೆಯುತ್ತ ಹೋದ. ನಾನು ಒಂದು ಪ್ಯಾದೆ ಬಿಟ್ಟುಕೊಟ್ಟೆ. ಆಮೇಲೆ, ಎಲ್ಲರೂ ನೋಡುತ್ತಿದ್ದ ಹಾಗೆ, ನನ್ನ ಆನೆಯನ್ನು ಕೊಟ್ಟು ಅವನ ಒಂಟೆಯನ್ನು ಹೊಡೆದೆ. ಬಿಳಿ ಮನೆಗಳಲ್ಲಿ ಓಡಾಡುವ ಒಂಟೆ ಅದು. "ಐದ ಕೊಟ್ಟು ಮೂರ ತಗೊಂಡ್ಳಪಾ, ಶಾಣ್ಯಾಕಿ!" ಅಂತ ಯಾರೋ ಕಿಸಕ್ಕನೆ ನಕ್ಕರು. ನಕ್ಕರೆ ನಗಲಿ. ಆ ಒಂಟೆ ಹೋದ ಮೇಲೆ ಅವನ ಪಾಳೆಯದ ನಟ್ಟನಡುವಿನ ಬಿಳಿ ಮನೆಯೊಂದನ್ನು ಕಾಯುವವರು ಯಾರೂ ಇರಲಿಲ್ಲ. ನನ್ನ ಕುದುರೆ ಎರಡು ನೆಗೆತದಲ್ಲಿ ಅಲ್ಲಿ ಹೋಗಿ ಕೂತಿತು. ಅಟ್ಟಲು ಅವನಲ್ಲಿ ಪ್ಯಾದೆ ಇಲ್ಲ. ಉಳಿದ ಇನ್ನೊಂದು ಒಂಟೆ ಅವನದೇ ಪ್ಯಾದೆಗಳ ಹಿಂದೆ ಸಿಕ್ಕಿತ್ತು. ಅವನ ಎರಡು ಆನೆಗಳೂ ಮೂಲೆ ಬಿಟ್ಟು ಅಲ್ಲಾಡಿರಲಿಲ್ಲ. ಆ ಹಲಗೆಯನ್ನು ನೋಡಿದಾಗ ನನಗಾದ ಖುಷಿ ಎಂಥದು ಅಂತ ಹೇಗೆ ಹೇಳಲಿ, ಮೊದಲ ಸಲ ನಾನು ಹಲಗೆಯನ್ನು ನೋಡಿದ್ದೆ.

ಕರೆಂಟು ಬಂತು.

ಓಣಿಯ ಮಗ್ಗಗಳು ಒಂದರ ಹಿಂದೊಂದು ಖಟಖಟ ಶುರುವಾದವು. ದೊಡ್ಡಪ್ಪ ತೊಡೆಯ ಹತ್ತಿರದ ಕಾಯಿಗಳನ್ನು ಎಣಿಸಿ ಮೂರು ಬೆರಳು ತೋರಿಸಿದ. ಮೂರು ಅಂಕದಿಂದ ನಾನು ಸೋತಿದ್ದೆ. "ಆತಲ್ಲ, ಏಳು" ಅಂದ, ಸದ್ದಿನಲ್ಲಿ ಬಾಯಿ ಮಾತ್ರ ಕಾಣಿಸಿತು.

ನಾನು ಏಳಲಿಲ್ಲ. ಅವನ ಕಿವಿಗೆ ಬಾಯಿ ಹಚ್ಚಿ, "ನಾ ಸೋತಿಲ್ಲ ದೊಡ್ಡಪ್ಪಾ, ಆಟ ಇನ್ನೂ ಐತ್ರಿ" ಅಂತ ಕೂಗಿದೆ. ಅವನು ತಲೆಯ ಮೇಲೊಂದು ಮೊಟಕಿ ಒಳಗೆ ಹೋದ. ಎಲ್ಲರೂ ಹೋದರು. ಖಾಲಿ ಕಟ್ಟೆಯ ಮೇಲೆ ಕೂತು, ದಡಿಯ ಹಾಳೆಯ ಹಿಂದೆ ಆ ಹಲಗೆಯನ್ನು ಒಂದೊಂದು ಮನೆಯೂ ತಪ್ಪದೆ ಬರೆದುಕೊಂಡೆ. ಅಳು ಬಂತು, ಅತ್ತೆ, ಆದರೆ ಬರೆಯುವುದನ್ನು ನಿಲ್ಲಿಸಲಿಲ್ಲ.

ಮಾರನೆಯ ದಿನ ಕರೆಂಟು ಹೋದಾಗ ಎಲ್ಲರಿಗಿಂತ ಮೊದಲು ಕಟ್ಟೆಯ ಮೇಲೆ ನಾನಿದ್ದೆ. ಹಾಳೆ ನೋಡಿ ಹಲಗೆಯನ್ನು ನಿನ್ನೆ ಇದ್ದ ಹಾಗೇ ಜೋಡಿಸಿಟ್ಟಿದ್ದೆ. "ದೊಡ್ಡಪ್ಪನ ಕಡಿ ಯಾರರ ಕುಂಡ್ರಿ, ಮೂರ ಅಂಕ ಜಾಸ್ತಿ ಅದಾವ" ಅಂದೆ. ಪುಕ್ಕಟೆ ಗೆಲುವು ಅಂತ ಒಬ್ಬ ಕೂತ. ಇಪ್ಪತ್ತು ನಿಮಿಷಕ್ಕೆ ಅವನ ರಾಜ ಕಟ್ಟಿಹೋಯಿತು. ನಮ್ಮ ಕಟ್ಟೆಯ ಮೇಲೆ ಮುಗಿದ ಮೊದಲ ಆಟ ಅದು. ಮರುದಿನ ಇನ್ನೊಬ್ಬ ಕೂತ, ಅವನೂ ಸೋತ. ಮೂರನೆಯ ದಿನ ಚಿಮ್ಮಡದ ನೇಕಾರ ಕೂತ, ಅವಸರಪಟ್ಟು ಆಡಿ ನಾನೇ ಸೋತೆ.

ಆ ದಿನ ದೊಡ್ಡಪ್ಪನ ಸಂಭ್ರಮ ನೋಡಬೇಕಿತ್ತು. "ಈಗರ ತಿಳೀತಿಲ್ಲೋ? ಎಣಿಕಿ ಸುಳ್ಳ ಹೇಳಂಗಿಲ್ಲ" ಅಂತ ಓಣಿಯ ಆ ತುದಿಯವರೆಗೆ ಕೇಳುವ ಹಾಗೆ ಹೇಳಿದ. ನಾನು ಮಾಸ್ತರರ ಬಳಿ ಹೋಗಿ ಆಟವನ್ನೆಲ್ಲ ತೋರಿಸಿದೆ. ಅವರು ನನ್ನ ತಪ್ಪು ನಡೆ ತೋರಿಸಿ, ಜಾಗ ಛಲೋ ಇದ್ದರೆ ಗೆದ್ದ ಹಾಗಲ್ಲ, ಗೆಲ್ಲುವ ಕೆಲಸ ಇನ್ನೂ ಬಾಕಿ ಇರುತ್ತದೆ ಅಂದರು. ಆ ಮಾತು ನನಗೆ ರುಚಿಸಲಿಲ್ಲ. ಖರೆ ಇದ್ದದ್ದಕ್ಕೇ ರುಚಿಸಲಿಲ್ಲ.

ನಾಲ್ಕನೆಯ ದಿನ ಗೆದ್ದೆ, ಐದನೆಯ ದಿನವೂ ಗೆದ್ದೆ. ಐದನೆಯ ದಿನ ಸೋತವನು ಎದ್ದಾಗ ದೊಡ್ಡಪ್ಪ ಹಿಂದೆ ಬಂದು ನಿಂತಿದ್ದ. ಜಮಖಂಡಿಗೆ ಹೆಸರು ಕಳಿಸುವ ದಿನ ಅದು. "ಇವ್ರಿಗೆ ಆಡಾಕ ಬರಂಗಿಲ್ಲ, ಅದಕ್ಕ ಸೋಲಾಕತ್ತಾರ. ನಾ ಆಡಿದ್ರ ಬ್ಯಾರೆ" ಅಂದ.

ನಾನು ಎದ್ದು ನಿಂತೆ. ಕಾಯಿಗಳನ್ನು ಮತ್ತೆ ಹಾಳೆಯಲ್ಲಿದ್ದ ಹಾಗೆ ಜೋಡಿಸಿದೆ. ಹಲಗೆಯ ಎರಡೂ ಬದಿ ಖಾಲಿ. "ಹಂಗಾದ್ರ ಕುಂಡ್ರಿ ದೊಡ್ಡಪ್ಪಾ. ಯಾವ ಕಡಿ ಬೇಕೋ ನೀವ ಆರಿಸ್ಕೋರಿ. ಉಳಿದದ್ದು ನನಗ."

ಅವನು ಹೊಡೆದ ಕಾಯಿಗಳ ಕಡೆ ನೋಡಿದ. ನಾನು ಅವುಗಳ ಮೇಲೆ ನನ್ನ ಸೆರಗು ಎಳೆದು ಮುಚ್ಚಿದೆ. ಆಗ ಹಲಗೆಯ ಕಡೆ ನೋಡಿದ. ಅವನು ಹಲಗೆಯನ್ನು ಅಷ್ಟು ಹೊತ್ತು ನೋಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಬೆರಳು ತನ್ನ ಸಿಕ್ಕಿಬಿದ್ದ ಒಂಟೆಯ ಮೇಲೆ ಹೋಯಿತು, ಮೂಲೆಯ ಆನೆಯ ಮೇಲೆ ಹೋಯಿತು, ನನ್ನ ಕುದುರೆಯ ಹತ್ತಿರ ಬಂದು ನಿಂತಿತು. ಆಗಲೇ ಕರೆಂಟು ಬಂತು. ಮನೆಗಳ ಒಳಗೆ ಬಲ್ಬು ಹತ್ತಿದವು. ಆದರೆ ಒಂದು ಮಗ್ಗವೂ ಶುರುವಾಗಲಿಲ್ಲ. ಹತ್ತು ಹನ್ನೆರಡು ಗಂಡಸರು, ಅಪ್ಪನೂ ಸೇರಿ, ಬಾಯಿ ತೆರೆದುಕೊಂಡು ನಿಂತಿದ್ದರು. ದೊಡ್ಡಪ್ಪ ಯಾವ ಕಡೆ ಕೂರುತ್ತಾನೆ ಅನ್ನುವುದನ್ನು ನೋಡದೆ ಯಾರೂ ಹೋಗಲು ತಯಾರಿರಲಿಲ್ಲ.

ದೊಡ್ಡಪ್ಪ ಕೆಮ್ಮಿದ. ಧೋತರದ ಚುಂಗು ಸರಿಮಾಡಿಕೊಂಡ. ಸುತ್ತು ಹಾಕಿ ಬಂದು ನನ್ನ ಕಡೆ ಕೂತ.

ಮೊದಲು ನಕ್ಕವನು ಅಪ್ಪ. ಆಮೇಲೆ ಇಡೀ ಕಟ್ಟೆ ನಕ್ಕಿತು. ದೊಡ್ಡಪ್ಪ ಎಲ್ಲರನ್ನೂ, "ಹೋಗ್ರಲೇ, ಕರೆಂಟ ಬಂದೈತಿ" ಅಂತ ಗದರಿಸಿದ, ಆದರೆ ತಾನು ಕೂತ ಜಾಗ ಬಿಡಲಿಲ್ಲ. ನಾನು ಅವನ ಹಳೆಯ ಕಡೆ ಕೂತು, ಆ ಬಡಪಾಯಿ ಒಂಟೆಯನ್ನು ಹೇಗಾದರೂ ಹೊರಗೆ ತರಬೇಕು ಅಂತ ಬಹಳ ಒದ್ದಾಡಿದೆ. ಆಗಲಿಲ್ಲ. ಅವನು ಗೆದ್ದ. ನನ್ನ ಜೀವನದಲ್ಲಿ ಸೋತು ಅಷ್ಟು ಖುಷಿಪಟ್ಟ ದಿನ ಇನ್ನೊಂದಿಲ್ಲ.

ಆಟ ಮುಗಿದ ಮೇಲೆ ಅವನು ಜೇಬಿನಿಂದ ಹೆಸರಿನ ಚೀಟಿ ತೆಗೆದು ನಾಲ್ಕನೆಯ ಸಾಲಿನಲ್ಲಿ ನನ್ನ ಹೆಸರು ಬರೆದ. ಬರೆದವನು ಹಾಗೇ ಸುಮ್ಮನಿರಬೇಕಿತ್ತು, ಇರಲಿಲ್ಲ.

"ಒಂದ ಮಾತ ಕೇಳು. ಹೆಣ್ಣಹುಡುಗಿ ಅಂತ ಎಲ್ಲಾರೂ ನೋಡ್ತಾರ ಅಲ್ಲಿ. ಸೋತ ಬಂದ್ಯೋ, ಮುಂದ ಈ ಕಟ್ಟಿ ಹತ್ತಬ್ಯಾಡ."

"ನೀವು ಆರ ವರ್ಷ ಸೋತ ಬಂದೀರಿ ದೊಡ್ಡಪ್ಪಾ" ಅಂದೆ. "ನಿಮ್ಮನ್ನ ಯಾರರ ಇಳಿಸ್ಯಾರೇನು?"

ಅವನು ಚೀಟಿ ಮಡಚಿ ಜೇಬಿಗೆ ಹಾಕಿಕೊಂಡ. ಅಪ್ಪ ನನ್ನ ಮುಖ ನೋಡಿದ, ಬೈಯಲೋ ಬೇಡವೋ ಅಂತ ಗೊತ್ತಾಗದೆ ಮಗ್ಗದ ಕಡೆ ಹೋದ.

ಜಮಖಂಡಿಯಲ್ಲಿ ಮೊದಲ ಆಟ ಗೆದ್ದೆ, ಎರಡನೆಯದನ್ನು ಹನ್ನೆರಡು ವರ್ಷದ ಹುಡುಗಿಯೊಬ್ಬಳಿಗೆ ಸೋತೆ. ಚೆನ್ನಾಗಿಯೇ ಸೋತೆ, ನನ್ನ ಕುದುರೆ ಎಲ್ಲಿ ಕೂರಬೇಕು ಅನ್ನುವುದು ಅವಳಿಗೆ ನನಗಿಂತ ಮೊದಲು ಕಂಡಿತ್ತು. ಸಂಜೆ ಬಸ್ಸಿನಲ್ಲಿ ದೊಡ್ಡಪ್ಪ ನನ್ನಿಂದ ದೂರದ ಸೀಟು ಹಿಡಿದು ಕೂತ. ಮಾರನೆಯ ದಿನ ಹನ್ನೊಂದು ಗಂಟೆಗೆ ಕರೆಂಟು ಹೋಯಿತು. ನಾನು ಕೈಯಲ್ಲಿದ್ದ ಕಂಡಿಕೆ ಕೆಳಗಿಟ್ಟು ಹೊರಗೆ ಬಂದೆ, ಅವನ ಕಟ್ಟೆ ಹತ್ತಿದೆ, ಹಲಗೆ ಬಿಡಿಸಿ ಎರಡೂ ಕಡೆಯ ಕಾಯಿ ಜೋಡಿಸಿದೆ. ಅವನು ಬಾಗಿಲಲ್ಲಿ ಬಂದು ನಿಂತು ನೋಡುತ್ತಿದ್ದ. ನಾನು ಏಳಲಿಲ್ಲ.